ಪಹಣಿಯಲ್ಲಿ ಹೊಲ, ಹೊಲದಲ್ಲಿ ಹೊಳೆ

ಕಳೆದ ದಸರೆಯ ತರುವಾಯ ನಮ್ಮ ಕಾಕಾ ಊರಿನಿಂದ ಹೈದರಾಬಾದಿಗೆ ಬಂದಿದ್ದರು. ಕಣ್ಣಿನ ತಪಾಸಣೆಗೆಂದು ಬಂದವರು ಚೀಲದಲ್ಲಿ ಪಹಣಿಯ ಪ್ರತಿ, ಹಳೆಯ ಹದ್ದುಬಸ್ತಿನ ನಕ್ಷೆ, ಉತ್ತರ ಕಾಣದ ಮೂರು ಅರ್ಜಿಗಳ ನಕಲು ಇವನ್ನೂ ತಂದಿದ್ದರು. ನಮ್ಮ ಊರು ರಾಯಚೂರು ತಾಲೂಕಿನಲ್ಲಿ, ಕಾಡ್ಲೂರಿನ ಬಳಿ ಭೀಮೆಯು ಕೃಷ್ಣೆಯನ್ನು ಕೂಡಿದ ಮೇಲೆ ಬರುವ ಹೊಳೆಸಾಲಿನ ಹಳ್ಳಿಗಳಲ್ಲಿ ಒಂದು. 2025ರ ಸೆಪ್ಟೆಂಬರ್ ಕೊನೆಯಲ್ಲಿ ಭೀಮೆ ಉಕ್ಕಿ ಬಂದಾಗ ಅವರ ಹೊಲದ ತೊಗರಿ ನೀರಿನಡಿಯಾಯಿತು. ಅದು ಅವರಿಗೆ ಹೊಸತಲ್ಲ. ಆದರೆ ನೀರು ಇಳಿದ ಎರಡು ದಿನಕ್ಕೆ ದಂಡೆಯೇ ಕುಸಿದು, ಬೇವಿನ ಮರ ಸಹಿತ ಅರ್ಧ ಎಕರೆಯಷ್ಟು ನೆಲ ಹೊಳೆಯ ಪಾಲಾಯಿತು. 2009ರಿಂದ ಈಚೆಗೆ ಹೀಗೆ ಹೋದುದು ಒಟ್ಟು ಒಂದೂಮುಕ್ಕಾಲು ಎಕರೆ. ಕಾಗದದಲ್ಲಿ ಮಾತ್ರ ಅವರ ನಾಲ್ಕೂವರೆ ಎಕರೆಯೂ ಭದ್ರವಾಗಿದೆ.

“ಬೆಳೆ ಹೋದದ್ದಕ್ಕೆ ಬರಕೊಂಡು ಹೋದರು. ನೆಲ ಹೋದದ್ದಕ್ಕೆ ಏನು ಅಂತ ಕೇಳಿದರೆ, ನೆಲ ದಾಖಲೆದಾಗ ಅದಲ್ಲ ಅಂದರು. ಖರೆ ಅದ. ಪಹಣ್ಯಾಗ ಹೊಲ ಅದ, ಹೊಲದಾಗ ಹೊಳಿ ಅದ,” ಎಂದು ಕಾಕಾ ನಕ್ಕರು.

ಆ ನಗೆಯ ಹಿಂದಿನ ಪ್ರಶ್ನೆಯನ್ನು ನಮ್ಮ ಪತ್ರಿಕೆಯ ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ. ಈ ನಗರದ ಕನ್ನಡಿಗರಲ್ಲಿ ಬಹುಪಾಲು ಜನ ರಾಯಚೂರು, ಕಲಬುರಗಿ, ಯಾದಗಿರಿ, ಬೀದರ ಸೀಮೆಗಳಿಂದ ಬಂದವರು. ಕೃಷ್ಣೆ, ಭೀಮೆ, ತುಂಗಭದ್ರೆ, ಮಂಜೀರೆಗಳ ದಂಡೆಯಲ್ಲಿ ನಮಗೆಲ್ಲ ಒಬ್ಬಿಬ್ಬರು ಕಾಕಾಗಳಿದ್ದಾರೆ. ಪ್ರವಾಹದ ಸುದ್ದಿ ಬಂದಾಗ ಫೋನು ಮಾಡಿ ಕ್ಷೇಮ ಕೇಳುತ್ತೇವೆ. ನೀರು ಇಳಿಯಿತೆಂದ ಕೂಡಲೆ ನಿಶ್ಚಿಂತರಾಗುತ್ತೇವೆ. ಆದರೆ ಹೊಳೆದಂಡೆಯ ರೈತನ ನಿಜವಾದ ನಷ್ಟ ಅನೇಕ ವೇಳೆ ನೀರು ಇಳಿದ ಮೇಲೆಯೇ ಮೊದಲಾಗುತ್ತದೆ ಎಂಬುದು ನಮ್ಮ ಗಮನಕ್ಕೆ ಬಂದಿಲ್ಲ.

ನದಿಯು ಸ್ಥಾನ ಬದಲಿಸುತ್ತದೆ ಎಂದೊಡನೆ ನಮಗೆ ನೆನಪಾಗುವುದು ಉತ್ತರದ ನದಿಗಳು. ಬಿಹಾರದ ಕೋಸಿ ನದಿಯು ಸುಮಾರು ಇನ್ನೂರು ವರ್ಷಗಳಲ್ಲಿ ನೂರು ಕಿಲೋಮೀಟರಿಗೂ ಹೆಚ್ಚು ಪಶ್ಚಿಮಕ್ಕೆ ಸರಿಯಿತು. 2008ರ ಆಗಸ್ಟ್ 18ರಂದು ನೇಪಾಳದ ಕುಸಹಾ ಬಳಿ ಒಡ್ಡು ಒಡೆದು, ತಾನು ಬಿಟ್ಟು ಬಂದಿದ್ದ ಹಳೆಯ ದಾರಿಗಳನ್ನು ಮತ್ತೆ ಹಿಡಿದು ಲಕ್ಷಾಂತರ ಜನರನ್ನು ನಿರ್ಗತಿಕರನ್ನಾಗಿ ಮಾಡಿತು. ಅವು ಮೆತ್ತನೆಯ ಮೆಕ್ಕಲು ಮಣ್ಣಿನ ಮೇಲೆ ಹರಿಯುವ ನದಿಗಳು. ನಮ್ಮ ಕೃಷ್ಣೆಯಾದರೋ ದಖನ್ನಿನ ಗಟ್ಟಿ ಶಿಲೆಯನ್ನು ಕೊರೆದುಕೊಂಡು ಹರಿಯುವವಳು. ಆಕೆ ಕೋಸಿಯಂತೆ ಜಿಲ್ಲೆಯಿಂದ ಜಿಲ್ಲೆಗೆ ಅಲೆಯುವುದಿಲ್ಲ. ಆದ್ದರಿಂದಲೇ ನಮ್ಮಲ್ಲಿ ಹೊಳೆ ಸರಿಯುವ ಸಮಸ್ಯೆಯೇ ಇಲ್ಲವೆಂಬ ಒಂದು ಭಾವನೆ ಬೆಳೆದು ಬಂದಿದೆ. ಈ ಭಾವನೆ ಅರ್ಧ ಸತ್ಯ. ನದಿಯ ತಳ ಕಲ್ಲು. ದಂಡೆ ಮಾತ್ರ ಮಣ್ಣು. ರೈತನ ಬಾಳು ಇರುವುದು ಆ ಮಣ್ಣಿನಲ್ಲಿ.

ಹೊಳೆಸಾಲಿನ ಬೇಸಾಯಕ್ಕೆ ತನ್ನದೇ ಆದ ಕ್ರಮವಿತ್ತು. ಮಳೆಗಾಲದಲ್ಲಿ ಹೊಳೆ ಹೊಲದ ಅಂಚಿಗೆ ಬಂದು ಗೋಡು ಮಣ್ಣನ್ನು ಬಿಟ್ಟು ಹೋಗುತ್ತಿತ್ತು. ಹಿಂಗಾರಿಯಲ್ಲಿ ಅದೇ ಮಣ್ಣಿನ ಹಸಿಯ ಮೇಲೆ ಜೋಳ, ಕಡಲೆ ಬರುತ್ತಿದ್ದುವು. ಬೇಸಿಗೆಯಲ್ಲಿ ಹೊಳೆ ಕಿರಿದಾದಾಗ ನಡುವಿನ ಮರಳಿನಲ್ಲಿ ಗುಂಡಿ ತೋಡಿ ಗೊಬ್ಬರ ಹಾಕಿ ಕಲ್ಲಂಗಡಿ, ಕರಬೂಜ, ಸೌತೆ ಬೆಳೆಯುತ್ತಿದ್ದರು. ಒಂದು ಕಡೆ ಹೊಳೆ ನಾಲ್ಕು ಮಾರು ನೆಲ ತಿಂದರೆ ಇನ್ನೊಂದು ಕಡೆ ನಾಲ್ಕು ಮಾರು ಕೊಡುತ್ತಿತ್ತು. ಊರ ಹಿರಿಯರು ಅದನ್ನು ಹೊಳೆಯ ಕೊಡುಕೊಳ್ಳುವಿಕೆ ಎಂದೇ ಭಾವಿಸಿದ್ದರು. ಆ ವ್ಯವಹಾರದಲ್ಲಿ ಮೋಸ ಇರಲಿಲ್ಲವೆಂದಲ್ಲ. ಆದರೆ ಅದರ ಕಾಲ, ವೇಗ, ಮಿತಿಗಳು ಜನರಿಗೆ ತಿಳಿದಿದ್ದುವು.

ಈಗ ಆ ಲೆಕ್ಕ ತಪ್ಪಿದೆ. ಏಕೆಂದರೆ ಹೊಳೆಯ ಏರಿಳಿತವನ್ನು ಇಂದು ನಿರ್ಧರಿಸುವುದು ಮಳೆಯೊಂದೇ ಅಲ್ಲ, ಅಣೆಕಟ್ಟಿನ ಬಾಗಿಲುಗಳು. 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಡಿಗಲ್ಲು ಇಟ್ಟರು. ಅಲ್ಲಿಂದ ಕೆಳಗೆ ನಾರಾಯಣಪುರದ ಬಸವಸಾಗರ, ಇನ್ನೂ ಕೆಳಗೆ, ಇಂದಿನ ತೆಲಂಗಾಣದಲ್ಲಿ, 1995ರಲ್ಲಿ ಉದ್ಘಾಟನೆಯಾದ ಜುರಾಲಾ, ಆಮೇಲೆ ಶ್ರೀಶೈಲ. ರಾಯಚೂರು ತಾಲೂಕಿನ ಹೊಳೆಸಾಲಿಗೆ ಮೇಲಿನಿಂದ ನಾರಾಯಣಪುರದ ನೀರು ಬರುತ್ತದೆ. ಕೆಳಗಿನಿಂದ ಜುರಾಲಾದ ಹಿನ್ನೀರು ಮುಟ್ಟುತ್ತದೆ. ಈ ಎರಡರ ನಡುವೆ ದಂಡೆಯ ರೈತ ಬದುಕಬೇಕು.

ಅಣೆಕಟ್ಟು ದಂಡೆಯನ್ನು ಕೆಡಿಸುವ ಬಗೆ ಎರಡು. ಮೊದಲನೆಯದು ನೀರಿನ ಇಳಿತ. ಹೊಳೆ ತುಂಬಿ ನಿಂತಾಗ ದಂಡೆಯ ಮಣ್ಣು ಒಳಗೊಳಗೇ ನೀರು ಕುಡಿದು ಭಾರವಾಗುತ್ತದೆ. ಎದುರಿನಲ್ಲಿ ನೀರು ಇರುವವರೆಗೆ ಆ ನೀರೇ ಅದಕ್ಕೆ ಆಸರೆ. ಮೇಲೆ ಬಾಗಿಲು ಮುಚ್ಚಿ ಹೊಳೆ ಒಮ್ಮೆಲೆ ಇಳಿದರೆ ಆಸರೆ ತಪ್ಪುತ್ತದೆ. ಒಳಗಿನ ನೀರು ಹೊರಬರಲು ತವಕಿಸುತ್ತದೆ. ದಂಡೆ ಹೋಳು ಹೋಳಾಗಿ ಜಾರುತ್ತದೆ. ಮಳೆಯ ಪ್ರವಾಹ ಮೆಲ್ಲಗೆ ಇಳಿಯುತ್ತಿದ್ದ ಕಾಲದಲ್ಲಿ ಇದು ಇಷ್ಟು ಇರಲಿಲ್ಲ. ಎರಡನೆಯದು ಮಣ್ಣಿನ ಅಭಾವ. ಹೊಳೆ ತರುತ್ತಿದ್ದ ಗೋಡು ಮತ್ತು ಮರಳು ಜಲಾಶಯದಲ್ಲಿ ಕೂತುಬಿಡುತ್ತವೆ. ಬಾಗಿಲಿನಿಂದ ಹೊರಬಿದ್ದ ತಿಳಿನೀರು ತಾನು ಕಳೆದುಕೊಂಡ ಹೊರೆಯನ್ನು ಕೆಳಗಿನ ದಂಡೆ ತಳಗಳಿಂದ ಎತ್ತಿಕೊಳ್ಳಲು ಹೊರಡುತ್ತದೆ. ತಿನ್ನುವುದು ಉಳಿಯಿತು, ಕೊಡುವುದು ನಿಂತಿತು. ಇದಕ್ಕೆ ಮರಳು ದಂಧೆಯೂ ಸೇರಿದೆ. ತಳದ ಮರಳು ತೆಗೆದಷ್ಟೂ ದಂಡೆಯ ಬುಡ ಸಡಿಲವಾಗುತ್ತದೆ. ಆ ಮರಳು ಎಲ್ಲಿಗೆ ಹೋಗುತ್ತದೆಂದು ಮಹಾನಗರಗಳಲ್ಲಿ ಮನೆ ಕಟ್ಟಿಸಿದ ನಾವು ಕೇಳಬೇಕಾಗಿಲ್ಲ.

ದಂಡೆಯ ಮೇಲೆ ನಿತ್ಯದ ಬದುಕು ಹೇಗಿರುತ್ತದೆಂಬುದನ್ನು ಒಂದು ಪಂಪ್‌ಸೆಟ್ಟಿನಿಂದ ತಿಳಿಯಬಹುದು. ಬೇಸಿಗೆಯಲ್ಲಿ ನೀರು ದೂರ ಸರಿದಂತೆ ಪೈಪಿಗೆ ಪೈಪು ಜೋಡಿಸುತ್ತ ಮೋಟಾರನ್ನು ಕೆಳಕ್ಕೆ ಇಳಿಸಬೇಕು. ಮಳೆಗಾಲದಲ್ಲಿ “ಮೇಲೆ ನೀರು ಬಿಟ್ಟಾರ” ಎಂಬ ಸುದ್ದಿ ಬಂದರೆ ರಾತ್ರೋರಾತ್ರಿ ನಾಲ್ಕು ಜನರನ್ನು ಕೂಡಿಸಿ ಮೇಲಕ್ಕೆ ಎಳೆಯಬೇಕು. ಸುದ್ದಿ ತಡವಾದರೆ ಮೋಟಾರೇ ಹೋಯಿತು. ಒಂದು ಮೋಟಾರಿನ ಬೆಲೆ ಸಣ್ಣ ರೈತನಿಗೆ ಒಂದು ಹಂಗಾಮಿನ ಲಾಭ.

ನಡುಗಡ್ಡೆಯವರ ಪಾಡು ಇನ್ನೂ ಕಠಿಣ. ಲಿಂಗಸುಗೂರು ತಾಲೂಕಿನ ಶೀಲಹಳ್ಳಿ ಸೇತುವೆ ಮುಳುಗಿದರೆ ಆಚೆಯ ಗಡ್ಡಿಗಳ ಸಂಪರ್ಕವೇ ಕಡಿಯುತ್ತದೆ. ಸುರಪುರ ಸೀಮೆಯ ನೀಲಕಂಠರಾಯನ ಗಡ್ಡಿಯಿಂದ 2013ರಲ್ಲಿ ತುಂಬು ಗರ್ಭಿಣಿಯೊಬ್ಬರು ಸೋರೆಬುರುಡೆಗಳನ್ನು ಕಟ್ಟಿಕೊಂಡು, ತುಂಬಿದ ಕೃಷ್ಣೆಯನ್ನು ಈಜಿ ದಡ ಸೇರಿದ ಸಂಗತಿ ವಿದೇಶದ ಪತ್ರಿಕೆಗಳಲ್ಲಿಯೂ ಬಂದಿತು. ನಾವು ಆಕೆಯ ಧೈರ್ಯವನ್ನು ಕೊಂಡಾಡಿದೆವು. ಮಕ್ತಲ್ ಮಾರ್ಗವಾಗಿ ಹೋಗಿ, ದೋಣಿ ಏರಿ ಕುರುವಪುರದ ದತ್ತ ಸನ್ನಿಧಿಯ ದರ್ಶನ ಮಾಡಿ ಬರುವ ಹೈದರಾಬಾದಿನ ಕನ್ನಡ ಕುಟುಂಬಗಳು ಎಷ್ಟಿಲ್ಲ! ಆ ದೋಣಿಯಲ್ಲಿ ನಮ್ಮ ಪಕ್ಕದಲ್ಲಿ ಗೊಬ್ಬರದ ಚೀಲ ಹಿಡಿದು ಕೂತವನಿಗೆ ಅದು ಯಾತ್ರೆಯಲ್ಲ, ಹೊಲಕ್ಕೆ ಹೋಗುವ ದಾರಿ.

ಇನ್ನು ಕಾನೂನಿನ ಮಾತು. ಹೊಳೆ ನೆಲವನ್ನು ಕೊಡುವುದು, ಕಸಿಯುವುದು ಸರಕಾರಕ್ಕೆ ಹೊಸ ವಿಷಯವಲ್ಲ. ಬಂಗಾಳದಲ್ಲಿ 1825ರಷ್ಟು ಹಿಂದೆಯೇ ಇದಕ್ಕೊಂದು ನಿಯಮವಾಯಿತು. ನೆಲ ಮೆಲ್ಲಮೆಲ್ಲನೆ ಕೂಡಿಕೊಂಡರೆ ಅದು ದಂಡೆಯ ಹಿಡುವಳಿದಾರನಿಗೆ. ನದಿ ಹಠಾತ್ತಾಗಿ ದಾರಿ ಬದಲಿಸಿ, ಗುರುತು ಸಿಗುವಂತೆ ನೆಲವನ್ನು ಬೇರ್ಪಡಿಸಿದರೆ ಅದು ಮೂಲ ಒಡೆಯನಿಗೆ ಎಂಬುದು ಅದರ ಸಾರ. ಕರ್ನಾಟಕದ 1964ರ ಭೂಕಂದಾಯ ಅಧಿನಿಯಮದಲ್ಲಿಯೂ ಮೆಕ್ಕಲು ಭೂಮಿಯ ಮತ್ತು ಕೊಚ್ಚಿಹೋದ ಭೂಮಿಯ ಕಂದಾಯದ ಪ್ರಸ್ತಾಪವಿದೆ. ಆದರೆ ಈ ಕಾನೂನುಗಳೆಲ್ಲ ತಾನಾಗಿ ಹರಿಯುವ ನದಿಯನ್ನು ಕುರಿತವು. ಬಾಗಿಲಿನ ವೇಳಾಪಟ್ಟಿಯಂತೆ ಏರಿಳಿಯುವ ನದಿಯ ಕಲ್ಪನೆ ಅವುಗಳಲ್ಲಿ ಇಲ್ಲ. ಇಂದು ಕಂದಾಯ ಮಾಫಿಯಾದರೆ ರೈತನಿಗೆ ಉಳಿಯುವುದು ಕೆಲವು ರೂಪಾಯಿ. ಹೋದದ್ದು ಅವನ ಬಾಳು.

ಪರಿಹಾರದ ಅಂಕಿಗಳನ್ನು ನೋಡಿದರೆ ಅನ್ಯಾಯ ಇನ್ನೂ ಸ್ಪಷ್ಟವಾಗುತ್ತದೆ. ವಿಪತ್ತು ಪರಿಹಾರ ನಿಧಿಗಾಗಿ ಕೇಂದ್ರ ಸರಕಾರವು 2022ರಿಂದ 2026ರ ವರೆಗಿನ ಅವಧಿಗೆ ಗೊತ್ತುಪಡಿಸಿದ ದರಪಟ್ಟಿಯಲ್ಲಿ, ನದಿಯು ಪಾತ್ರ ಬದಲಿಸಿದ್ದರಿಂದ ಭೂಮಿಯನ್ನೇ ಕಳೆದುಕೊಂಡವರಿಗೆ ಎಂಬ ಒಂದು ಬಾಬು ಇದೆ. ದರ ಹೆಕ್ಟೇರಿಗೆ 47 ಸಾವಿರ ರೂಪಾಯಿ; ಎಂದರೆ ಎಕರೆಗೆ ಸುಮಾರು 19 ಸಾವಿರ. ಅದೂ ಸಣ್ಣ ಹಾಗೂ ಅತಿ ಸಣ್ಣ ರೈತರಿಗೆ, ದಾಖಲೆಯಲ್ಲಿ ಹೆಸರಿದ್ದವರಿಗೆ ಮಾತ್ರ. ಮರಳು ಹೂಳು ಮೂರು ಅಂಗುಲಕ್ಕಿಂತ ಹೆಚ್ಚು ಕೂತಿದ್ದರೆ ಅದನ್ನು ತೆಗೆಸಲು ಹೆಕ್ಟೇರಿಗೆ 18 ಸಾವಿರ. ಇದರ ಪಕ್ಕದಲ್ಲಿ ಇನ್ನೊಂದು ಅಂಕಿಯನ್ನು ಇಟ್ಟು ನೋಡೋಣ. ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೆಯ ಹಂತದಲ್ಲಿ ಆಲಮಟ್ಟಿಯ ನೀರಿನ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಿದರೆ ಮುಳುಗಲಿರುವ ಸುಮಾರು 75 ಸಾವಿರ ಎಕರೆಗೆ, ಕರ್ನಾಟಕ ಸಚಿವ ಸಂಪುಟವು 2025ರ ಸೆಪ್ಟೆಂಬರಿನಲ್ಲಿ ನಿರ್ಧರಿಸಿದ ಬೆಲೆ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣ ಜಮೀನಿಗೆ 30 ಲಕ್ಷ.

ಬಾಗಲಕೋಟೆ, ವಿಜಯಪುರಗಳ ಆ ರೈತರಿಗೆ ಹೆಚ್ಚಾಯಿತೆಂದು ನಾನು ಹೇಳುತ್ತಿಲ್ಲ. ಊರು, ಗುಡಿ, ಗೋರಿ ಎಲ್ಲವನ್ನೂ ಬಿಟ್ಟು ಹೋಗುವವರಿಗೆ ಯಾವ ಮೊತ್ತವೂ ಹೆಚ್ಚಲ್ಲ. ಅದು ಕೈ ಸೇರುವ ತನಕ ಮಾತು ಮಾತೇ. ನನ್ನ ಪ್ರಶ್ನೆ ಬೇರೆ. ಒಂದೇ ಯೋಜನೆ, ಒಂದೇ ಹೊಳೆ. ಸರಕಾರ ಎಳೆದ ಗೆರೆಯ ಒಳಗೆ ಮುಳುಗಿದ ಎಕರೆಗೆ 30 ಲಕ್ಷ. ಗೆರೆಯ ಹೊರಗೆ ಕೊಚ್ಚಿಹೋದ ಎಕರೆಗೆ 19 ಸಾವಿರ, ಅದೂ ಸಿಕ್ಕರೆ. ನೂರೈವತ್ತು ಪಟ್ಟಿಗೂ ಮಿಕ್ಕ ಈ ಅಂತರಕ್ಕೆ ಮಣ್ಣಿನ ಗುಣ ಕಾರಣವಲ್ಲ, ಬೆಳೆಯೂ ಕಾರಣವಲ್ಲ. ಒಂದನ್ನು ಸರಕಾರ ತಾನು ಮುಳುಗಿಸಿದೆನೆಂದು ಒಪ್ಪುತ್ತದೆ. ಇನ್ನೊಂದನ್ನು ದೈವದ ಲೆಕ್ಕಕ್ಕೆ ಬರೆಯುತ್ತದೆ. ಇಷ್ಟೇ ವ್ಯತ್ಯಾಸ.

ಇಂಥ ಲೆಕ್ಕದ ಫಲ ಏನಾಗುತ್ತದೆಂಬುದಕ್ಕೆ ಬಂಗಾಳದ ಮಾಲ್ದಾ ಜಿಲ್ಲೆ ನಿದರ್ಶನ. 1975ರಲ್ಲಿ ಫರಕ್ಕಾ ಒಡ್ಡು ಕಾರ್ಯಾರಂಭ ಮಾಡಿದ ಮೇಲೆ ಗಂಗೆಯು ಹೂಳು ಕಟ್ಟಿಕೊಂಡು ಎಡದಂಡೆಯನ್ನು ತಿನ್ನುತ್ತ ಬಂದಳು. ಪಂಚಾನಂದಪುರದಂಥ ಊರುಗಳು ಹೋದುವು. ಕೆಲವು ವರ್ಷಗಳ ಮೇಲೆ ಅದೇ ಮಣ್ಣು ಆಚೆ ದಡದಲ್ಲಿ, ಝಾರ್ಖಂಡದ ಕಡೆಗೆ, ದಿಬ್ಬವಾಗಿ ಮೇಲೆದ್ದಿತು. ಅಲ್ಲಿಗೆ ಹೋಗಿ ನೆಲೆಸಿದ ರೈತರು ತಾವು ಯಾವ ರಾಜ್ಯದವರೆಂದು ರುಜುವಾತು ಮಾಡಲಾಗದೆ ಕಚೇರಿಯಿಂದ ಕಚೇರಿಗೆ ಅಲೆದರು. ನಮ್ಮ ಭಾಗದಲ್ಲಿಯೂ ಕೃಷ್ಣೆ ರಾಜ್ಯದ ಗಡಿ. 1956ರ ನವೆಂಬರ್ 1ಕ್ಕಿಂತ ಮೊದಲು ಎರಡೂ ದಡಗಳು ಒಂದೇ ಹೈದರಾಬಾದ್ ಸಂಸ್ಥಾನದಲ್ಲಿದ್ದುವು. ಆಚೆ ದಡದ ಕೃಷ್ಣಾ, ಮಾಗನೂರು ಕಡೆಯ ಊರುಗಳಲ್ಲಿ ಇಂದಿಗೂ ಕನ್ನಡ ಮನೆಮಾತು. ಹೀಗಿರುವಾಗ ದಂಡೆ ಕರಗುವ ವಿಷಯವನ್ನು ಒಂದು ರಾಜ್ಯದ ಒಂದು ಇಲಾಖೆ ಬಗೆಹರಿಸಲಾರದು.

“ಹೊಳೆಯ ಅಂಚಿನಲ್ಲಿ ಉತ್ತವನು ಅಪಾಯ ತಿಳಿದೇ ಉತ್ತಿದ್ದಾನೆ, ಅದಕ್ಕೆ ಸರಕಾರ ಹೊಣೆಯೇ?” ಎಂದು ನಮ್ಮ ನಡುವಿನ ಇಂಜಿನಿಯರ್ ಮಿತ್ರರು ಕೇಳಬಹುದು. ಅಣೆಕಟ್ಟುಗಳಿಂದ ಬರದ ನಾಡಿಗೆ ನೀರು ಬಂದಿತಲ್ಲ ಎಂದೂ ಹೇಳಬಹುದು. ಎರಡನೆಯ ಮಾತನ್ನು ನಾನು ಸಂಪೂರ್ಣ ಒಪ್ಪುತ್ತೇನೆ. ನಾರಾಯಣಪುರದ ಕಾಲುವೆ ಬರುವ ಮೊದಲು ಸುರಪುರ, ಶಹಾಪುರಗಳ ಜನ ಗುಳೆ ಹೋದುದನ್ನು ಕಂಡವನು ಅಣೆಕಟ್ಟು ಬೇಡವೆನ್ನಲಾರ. ಆದರೆ ಒಂದು ಯೋಜನೆಯ ಲಾಭ ಒಬ್ಬನಿಗೆ ಸೇರಿ ಅದರ ನಷ್ಟ ಇನ್ನೊಬ್ಬನ ಮೇಲೆ ಬೀಳುವಾಗ, ಆ ನಷ್ಟವೂ ಯೋಜನೆಯ ವೆಚ್ಚವೇ. ಮೊದಲನೆಯ ಮಾತಿಗೆ ಉತ್ತರ ಇಷ್ಟು: ದಂಡೆಯ ರೈತ ಒಪ್ಪಿಕೊಂಡಿದ್ದುದು ಮಳೆಯ ಅಪಾಯವನ್ನು. ಬಾಗಿಲಿನ ಅಪಾಯಕ್ಕೆ ಅವನ ಒಪ್ಪಿಗೆಯನ್ನು ಯಾರೂ ಕೇಳಿಲ್ಲ. 2009ರ ಅಕ್ಟೋಬರಿನಲ್ಲಿ ಸೆಕೆಂಡಿಗೆ 19 ಲಕ್ಷ ಘನ ಅಡಿ ನೀರಿಗೆ ಕಟ್ಟಿದ ಶ್ರೀಶೈಲ ಜಲಾಶಯಕ್ಕೆ 25 ಲಕ್ಷಕ್ಕೂ ಮಿಕ್ಕಿ ನೀರು ಬಂದಾಗ ದೊಡ್ಡ ಇಂಜಿನಿಯರರ ಲೆಕ್ಕವೇ ತಪ್ಪಿತು. ಮಂತ್ರಾಲಯ ಮುಳುಗಿತು, ಕರ್ನೂಲು ಮುಳುಗಿತು. ನಾಲ್ಕು ಎಕರೆಯ ರೈತ ಮಾತ್ರ ಎಲ್ಲವನ್ನೂ ಮೊದಲೇ ತಿಳಿದಿರಬೇಕೆಂದು ಬಯಸುವುದು ನ್ಯಾಯವಲ್ಲ.

ಹೈದರಾಬಾದಿನಲ್ಲಿ ಕುಳಿತ ನಮಗೆ ಇದರಲ್ಲಿ ಏನು ಪಾಲು? ಹೆಚ್ಚಿನ ಪಾಲೇ ಇದೆ. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಈ ನಗರದಲ್ಲಿ ಸಾವಿರಾರು ಜನ ತೀರಿಕೊಂಡಾಗ, ಅದಕ್ಕೆ ಪರಿಹಾರ ಸೂಚಿಸಲು ನಿಜಾಮರ ಸರಕಾರ ಕರೆಸಿದ್ದು ಕನ್ನಡಿಗರಾದ ವಿಶ್ವೇಶ್ವರಯ್ಯನವರನ್ನು. ಅವರ ಸಲಹೆಯಂತೆ ಉಸ್ಮಾನ್ ಸಾಗರ 1920ರಲ್ಲಿಯೂ, ಹಿಮಾಯತ್ ಸಾಗರ 1927ರಲ್ಲಿಯೂ ಮುಗಿದುವು. ನಗರ ಉಳಿಯಿತು. ಇದನ್ನು ನಮ್ಮ ಸಂಘಗಳ ವೇದಿಕೆಗಳಲ್ಲಿ ಪ್ರತಿವರ್ಷ ಹೆಮ್ಮೆಯಿಂದ ಹೇಳುತ್ತೇವೆ, ಹೇಳಬೇಕಾದುದೇ. ಆದರೆ ಮುಂದಿನ ಕಥೆಯನ್ನು ಹೇಳುವುದಿಲ್ಲ. ನಗರ ಬೆಳೆದಂತೆ ಮೂಸಿ ಅದರ ಕೊಳಚೆ ಹೊರುವ ಕಾಲುವೆಯಾಯಿತು. ಕೆಳಗಿನ ರೈತರು ಆ ನೀರಿನಲ್ಲಿಯೇ ದನದ ಹುಲ್ಲು, ಭತ್ತ ಬೆಳೆದು ಬದುಕಬೇಕಾಯಿತು. 2004ರಿಂದ ನಮ್ಮ ನಲ್ಲಿಗಳಿಗೆ ನಾಗಾರ್ಜುನಸಾಗರದ ಕೃಷ್ಣೆಯ ನೀರು ಬರುತ್ತಿದೆ. ಅದಕ್ಕೂ ಮೊದಲಿನಿಂದ ಬರುತ್ತಿರುವ ಮಂಜೀರೆಯ ನೀರು ಬೀದರ ಜಿಲ್ಲೆಯನ್ನು ಹಾದು ಬಂದದ್ದು. ನಾವು ತವರನ್ನು ಬಿಟ್ಟು ಬಂದೆವೆಂದುಕೊಂಡರೂ ತವರಿನ ಹೊಳೆ ಕೊಳವೆಯಲ್ಲಿ ಹಿಂಬಾಲಿಸಿ ಬಂದಿದೆ. ಆ ನೀರನ್ನು ಕುಡಿಯುವವರಿಗೆ ಅದರ ದಂಡೆಯ ಯೋಗಕ್ಷೇಮ ಪರರ ವಿಷಯವಾಗಲಾರದು.

ಹಾಗಾದರೆ ಕೇಳಬೇಕಾದುದೇನು? ಮೊದಲನೆಯದಾಗಿ, ದೊಡ್ಡ ಪ್ರವಾಹ ಬಂದ ಪ್ರತಿ ವರ್ಷ ನೀರು ಇಳಿದ ಮೇಲೆ ಎರಡೂ ದಂಡೆಗಳ ಮೋಜಣಿ ಕೂಡಿಯೇ ನಡೆಯಬೇಕು. ಕೊಚ್ಚಿಹೋದ ನೆಲವನ್ನು ಪಹಣಿಯಲ್ಲಿ ಹೊಳೆಪಾಲು ಎಂದು ಕಾಣಿಸಿ, ಒಡೆತನವನ್ನು ಮಾತ್ರ ಅಳಿಸದೆ ಇಡಬೇಕು; ನಾಳೆ ನೆಲ ಮತ್ತೆ ಎದ್ದರೆ ಅದು ಅವನದೇ ಆಗಲಿ. ಎರಡನೆಯದಾಗಿ, ಜಲಾಶಯಗಳ ಮೇಲೂ ಕೆಳಗೂ ದಂಡೆ ಕರಗಿ ಹೋದ ಭೂಮಿಯನ್ನು ಯೋಜನೆಯ ವೆಚ್ಚಕ್ಕೆ ಸೇರಿಸಿ, ಸ್ವಾಧೀನದ ಭೂಮಿಗೆ ಹೋಲುವ ಪರಿಹಾರ ಕೊಡಬೇಕು. ಹದಿನೈದನೆಯ ಹಣಕಾಸು ಆಯೋಗವು ನದೀಕೊರೆತ ತಡೆಯಲು 1,500 ಕೋಟಿ, ಕೊರೆತದಿಂದ ನಿರಾಶ್ರಿತರಾದವರ ಪುನರ್ವಸತಿಗೆ 1,000 ಕೋಟಿ ರೂಪಾಯಿಗಳನ್ನು ಶಿಫಾರಸು ಮಾಡಿತ್ತು. ಕೊರೆತವೂ ವಿಪತ್ತೇ ಎಂಬ ತತ್ತ್ವ ಅಲ್ಲಿಗೆ ಒಪ್ಪಿತವಾಯಿತು. ಅದು ಕೃಷ್ಣೆಯ ದಂಡೆಗೂ ಸಲ್ಲಬೇಕು. ಮೂರನೆಯದಾಗಿ, ಬಾಗಿಲು ತೆರೆಯುವಾಗ ಎಷ್ಟು ಎಚ್ಚರವೋ ಮುಚ್ಚುವಾಗಲೂ ಅಷ್ಟೇ ಎಚ್ಚರವಿರಬೇಕು. ನೀರನ್ನು ಹಂತಹಂತವಾಗಿ ಇಳಿಸಿ, ಮುನ್ಸೂಚನೆಯನ್ನು ಎರಡೂ ದಡಗಳಿಗೆ ಅವರವರ ಭಾಷೆಯಲ್ಲಿ ಮುಟ್ಟಿಸಬೇಕು. ನಾಲ್ಕನೆಯದು, ಲಾವಣಿಗೆ ಹಿಡಿದೋ ಪಾಲಿಗೆ ಮಾಡಿಯೋ ದಂಡೆಯಲ್ಲಿ ಉಳುವವರ ಹಾಗೂ ಮರಳಿನಲ್ಲಿ ಕಲ್ಲಂಗಡಿ ಬೆಳೆಯುವವರ ಹೆಸರು ಯಾವ ಪಹಣಿಯಲ್ಲೂ ಇಲ್ಲ. ಅವರ ನಷ್ಟವನ್ನು ಪಂಚನಾಮೆಯ ಮೇಲೆಯಾದರೂ ಒಪ್ಪಬೇಕು.

ಇದರಲ್ಲಿ ಹೊರನಾಡಿನ ನಾವು ಮಾಡಬಹುದಾದ ಒಂದು ಕೆಲಸ ಒಳನಾಡಿನವರಿಗೆ ಸುಲಭವಲ್ಲ. ದಂಡೆ ಎಷ್ಟು ಸರಿಯಿತೆಂದು ಸಾಧಿಸಲು ಅದು ಮೊದಲು ಎಲ್ಲಿತ್ತೆಂಬ ದಾಖಲೆ ಬೇಕು. ರಾಯಚೂರು, ಕಲಬುರಗಿ ಸೀಮೆಗಳ ಸಂಸ್ಥಾನ ಕಾಲದ ಸೇತ್ವಾರು ಮೊದಲಾದ ಕಂದಾಯದ ಕಾಗದಗಳು ಉರ್ದುವಿನಲ್ಲಿವೆ, ಅವುಗಳ ವರ್ಷ ಫಸಲಿಯಲ್ಲಿದೆ. ನಿಜಾಮರ ಆಡಳಿತದ ದಾಖಲೆಗಳ ಭಂಡಾರವಾದ ರಾಜ್ಯ ಪತ್ರಾಗಾರ ಇದೇ ಊರಿನ ತಾರನಾಕದಲ್ಲಿದೆ. ಹಳ್ಳಿಯ ತರುಣರಿಗೆ ಉರ್ದು ಓದಲು ಬಾರದು. ಆ ಭಾಷೆಯಲ್ಲಿ ಶಾಲೆ ಕಲಿತ, ಕಚೇರಿ ನಡೆಸಿದ ಕನ್ನಡ ಹಿರಿಯರು ಈ ನಗರದಲ್ಲಿ ಇನ್ನೂ ಕೆಲವರು ಉಳಿದಿದ್ದಾರೆ. ವರ್ಷ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ನಮ್ಮ ಸಂಘ, ನೃಪತುಂಗ ಶಾಲೆಯಲ್ಲಿ ಓದಿ ಬೆಳೆದ ವಕೀಲರು, ನಿವೃತ್ತ ಇಂಜಿನಿಯರರು ಸೇರಿ ಹೊಳೆಸಾಲಿನ ಹತ್ತು ಹಳ್ಳಿಗಳ ಹಳೆಯ ಗಡಿಯನ್ನು ಓದಿ ಕನ್ನಡಕ್ಕಿಳಿಸಿಕೊಟ್ಟರೆ, ರೈತನ ಅರ್ಜಿಗೆ ಅದೊಂದು ಆಧಾರವಾದೀತು. ರಾಜ್ಯೋತ್ಸವದ ಒಂದು ಸಂಜೆಯ ಖರ್ಚಿನಲ್ಲಿ ಈ ಕೆಲಸ ಆರಂಭವಾಗಬಲ್ಲದು.

ಕಾಕಾ ಊರಿಗೆ ಮರಳುವಾಗ ಹದ್ದುಬಸ್ತಿನ ನಕ್ಷೆಯನ್ನು ನನ್ನ ಬಳಿಯೇ ಬಿಟ್ಟು ಹೋದರು. ಅದರ ಅಂಚಿನಲ್ಲಿ ಮಾಸಿದ ಉರ್ದು ಅಕ್ಷರಗಳ ಎರಡು ಸಾಲುಗಳಿವೆ. ನನಗೆ ಓದಲು ಬರುವುದಿಲ್ಲ. ನಮ್ಮ ಓದುಗರಲ್ಲಿ ಬಲ್ಲ ಹಿರಿಯರಿದ್ದರೆ ಮುಂದಿನ ಮಾಸಿಕ ಸಭೆಗೆ ದಯಮಾಡಿ ಬರಬೇಕು. ಕೆಲಸವನ್ನು ಆ ಎರಡು ಸಾಲುಗಳಿಂದಲೇ ತೊಡಗೋಣ.